ಖಾಲಿ ತೋಟೆಯ ಲೆಕ್ಕ

ನಮ್ಮ ಕಡೆ ಹಿತ್ತಾಳೆಗೆ ನಿವೃತ್ತಿ ಎಂಬುದಿಲ್ಲ. ತಳ ತೂತಾದ ಕೊಡಪಾನ ಬಚ್ಚಲಿನಿಂದ ಅಂಗಳಕ್ಕೆ ಬಂದು ಹೂವಿನ ಕುಂಡವಾಗುತ್ತದೆ. ಕಿವಿ ಮುರಿದ ಪಾತ್ರೆ ಹಟ್ಟಿ ಸೇರಿ ದನದ ಅಕ್ಕಚ್ಚಿಗೆ ಒದಗುತ್ತದೆ. ಬತ್ತಿ ಇಡುವ ತಟ್ಟೆ ಕಳಚಿಹೋದ ಕಾಲುದೀಪದ ಕಂಬವನ್ನು ನಮ್ಮ ಅಜ್ಜಿ ಬಾಗಿಲಿಗೆ ಒತ್ತಾಗಿ ಇಟ್ಟುಕೊಂಡಿದ್ದರು, ಗಾಳಿಗೆ ಬಾಗಿಲು ಬಡಿಯಬಾರದೆಂದು. ಮನೆಮನೆಯ ಮೆಟ್ಟಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲೇ ಬ್ಯಾಂಕಿನ ಮಟ್ಟಕ್ಕೆ ಏರಿಸಿದ ಊರು ಉಡುಪಿ. ಹೀಗಿರುವಾಗ, ಸಿಡಿದು ಮುಗಿದ ತೋಟೆಯ ಹಿತ್ತಾಳೆ ಕೊಳವೆಯನ್ನು ಹೆಕ್ಕಿ, ತೊಳೆದು, ಮತ್ತೆ ಮದ್ದು ತುಂಬಿ, ಮತ್ತೆ ಹೊಡೆಯುವ ಹವ್ಯಾಸವನ್ನು ಕಂಡುಹಿಡಿದವರು ಉಡುಪಿಯವರಲ್ಲ ಎಂದರೆ ನನಗೆ ಈಗಲೂ ಪೂರ್ತಿ ನಂಬಿಕೆ ಬರುವುದಿಲ್ಲ.

ಈ ಹವ್ಯಾಸದ ಸುದ್ದಿ ನಮ್ಮ ಕುಟುಂಬಕ್ಕೆ ಮುಟ್ಟಿದ್ದು ಅಕ್ಕನ ಫೋನಿನ ಮೂಲಕ. ಅಕ್ಕ, ಭಾವ ಮಣಿಪಾಲದಲ್ಲಿದ್ದಾರೆ. ಅವರ ಮಗ ಅಲ್ಲೇ ಎಂಐಟಿಯಲ್ಲಿ ಮೆಕ್ಯಾನಿಕಲ್ ಓದಿ ಈಗ ಟೆಕ್ಸಾಸಿನಲ್ಲಿ ನೌಕರಿ ಮಾಡುತ್ತಾನೆ. ಅವನೊಂದು ಫೋಟೊ ಕಳಿಸಿದ್ದ: ಬಕೆಟು ತುಂಬ ಹೊಳೆಯುವ ಪುಟ್ಟ ಪುಟ್ಟ ಹಿತ್ತಾಳೆ ಸಾಮಾನು. ಅಕ್ಕ ಬೆರಳಲ್ಲಿ ಹಿಗ್ಗಿಸಿ ನೋಡಿದಳು, ಕನ್ನಡಕ ಬದಲಿಸಿ ನೋಡಿದಳು, ಕುಂಕುಮದ ಭರಣಿಗಳೆಂದು ತೀರ್ಮಾನಿಸಿದಳು. ಮದುವೆಯ ಮಾತೆತ್ತಿದರೆ ಫೋನು ಇಡುತ್ತಿದ್ದ ಹುಡುಗ ಮುತ್ತೈದೆಯರಿಗೆ ತಾಂಬೂಲದ ಜೊತೆ ಹಂಚುವುದಕ್ಕೆ ಈಗಿಂದಲೇ ತಯಾರಿ ನಡೆಸಿದ್ದಾನೆ! ಸಂಜೆಯೊಳಗೆ ಕಾಪುವಿನ ನಾದಿನಿಗೂ ಕಾರ್ಕಳದ ಚಿಕ್ಕಮ್ಮನಿಗೂ ಸುದ್ದಿ ಹೋಯಿತು. ಚಿಕ್ಕಮ್ಮ ಹುಡುಗಿಯ ಜಾತಕವನ್ನೂ ಹೊರಗೆ ತೆಗೆದಿಟ್ಟರಂತೆ. ಭಾವ ಪೊಲೀಸ್ ಇಲಾಖೆಯ ಸಶಸ್ತ್ರ ಪಡೆಯಲ್ಲಿದ್ದು ನಿವೃತ್ತರಾದವರು. ರಾತ್ರಿ ಊಟಕ್ಕೆ ಕೂತಾಗ ಫೋಟೊದ ಮೇಲೆ ಕಣ್ಣಾಡಿಸಿ, "ಇದು ಭರಣಿ ಅಲ್ಲ ಮಾರಾಯ್ತಿ, ರಿವಾಲ್ವರಿನ ಖಾಲಿ ತೋಟೆ," ಎಂದರು. ಜಾತಕ ಮತ್ತೆ ಪೆಟ್ಟಿಗೆ ಸೇರಿತು.

ಹುಡುಗನನ್ನು ಅಂದೇ ವಿಡಿಯೋ ಕಾಲಿನಲ್ಲಿ ವಿಚಾರಣೆಗೆ ಒಳಪಡಿಸಲಾಯಿತು. ನಾನೂ ಹಾಜರಿದ್ದೆ. ಅವನು ವಾರಾಂತ್ಯದಲ್ಲಿ ಗುರಿ ಹೊಡೆಯುವ ಮೈದಾನಕ್ಕೆ ಹೋಗುತ್ತಾನೆ, ಖಾಲಿ ತೋಟೆಗಳನ್ನು ತಂದು ಗ್ಯಾರೇಜಿನಲ್ಲಿ ತಾನೇ ತುಂಬುತ್ತಾನೆ. ತೋಟೆಯಲ್ಲಿ ನಾಲ್ಕು ಭಾಗ: ಬುಡದಲ್ಲಿ ಕೇಪು, ಒಳಗೆ ಮದ್ದು, ಮೂತಿಯಲ್ಲಿ ಸೀಸದ ಗುಂಡು, ಇವೆಲ್ಲವನ್ನೂ ಹಿಡಿದಿಡುವ ಹಿತ್ತಾಳೆಯ ಕೊಳವೆ. ಹೊಡೆದಾಗ ಮೂರು ಖರ್ಚಾಗುತ್ತವೆ. ನಾಲ್ಕರಲ್ಲಿ ದುಬಾರಿಯಾದದ್ದು ಹಿತ್ತಾಳೆ, ಮತ್ತು ಉಳಿಯುವುದು ಅದೊಂದೇ. ಇಷ್ಟು ಕೇಳಿದ ಮೇಲೆ ಅಕ್ಕನ ಮುಖ ಸ್ವಲ್ಪ ಸಡಿಲಾಯಿತು. ಮಗ ಏನೇ ಮಾಡುತ್ತಿರಲಿ, ದುಂದು ಮಾಡುತ್ತಿಲ್ಲ.

ಆ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಈ ಪಾಕವೇ ಏಕೆ ಬೇಕೆಂದರೆ, ಮದ್ದು ಹೊತ್ತಿಕೊಂಡ ಗಳಿಗೆಯಲ್ಲಿ ಕೊಳವೆ ಎಣ್ಣೆಗೆ ಬಿದ್ದ ಬನ್ಸಿನಂತೆ ಉಬ್ಬಿ ಕೋವಿಯ ಗೋಡೆಗೆ ಅಂಟಿಕೊಳ್ಳಬೇಕು. ಹಾಗೆ ಉಬ್ಬಿದರೇ ಬೆಂಕಿಗಾಳಿ ಹಿಂದಕ್ಕೆ ಹೊಡೆಯುವವನ ಮುಖಕ್ಕೆ ಬರುವುದಿಲ್ಲ. ಗುಂಡು ಹೋದ ಮೇಲೆ ಒಂದಿಷ್ಟು ಕುಗ್ಗಬೇಕು, ಇಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದು ಹೊರಗೆ ಬಾರದು. ಉಬ್ಬುವ ಮೆದುತನ, ಕುಗ್ಗುವ ಬಿಗಿ ಎರಡೂ ಇರುವ ಅಗ್ಗದ ಲೋಹ ಬೇರೆ ಸುಲಭಕ್ಕೆ ಸಿಗುವುದಿಲ್ಲ. ಆದರೆ ಕುಗ್ಗುವುದು ಪೂರ್ತಿಯಲ್ಲ. ಆದ್ದರಿಂದ ಮತ್ತೆ ತುಂಬುವ ಮೊದಲು ಅಚ್ಚಿಗೆ ಒತ್ತಿ ಹಳೆಯ ಅಳತೆಗೆ ತರಬೇಕು. ಉಬ್ಬಿ ಒತ್ತಿ, ಉಬ್ಬಿ ಒತ್ತಿ ಹಿತ್ತಾಳೆ ಗಡಸಾಗುತ್ತದೆ, ಒಂದು ದಿನ ಬಾಯಿಯ ಅಂಚಿನಲ್ಲಿ ಸೀಳು ಬಿಡುತ್ತದೆ. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ರಿವಾಲ್ವರಿನ ತೋಟೆಗೆ ಒತ್ತಡ ಕಡಿಮೆ, ಹಾಗಾಗಿ ಆಯುಷ್ಯ ಜಾಸ್ತಿ. ಇನ್ನೊಂದು ಅನುಕೂಲವೂ ಉಂಟು. ಪಿಸ್ತೂಲು ಖಾಲಿ ತೋಟೆಯನ್ನು ಹೊಡೆದ ಹೊಡೆತಕ್ಕೇ ಬದಿಗೆ ಎಸೆಯುತ್ತದೆ, ಆಮೇಲೆ ಹುಲ್ಲಿನಲ್ಲಿ ತಡಕಾಡಬೇಕು. ರಿವಾಲ್ವರು ಆರನ್ನೂ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು, ಕೇಳಿದಾಗ ಅಂಗೈಗೆ ಹಾಕುತ್ತದೆ. ಉಳಿತಾಯದ ಮನುಷ್ಯನಿಗೆ ಹೇಳಿ ಮಾಡಿಸಿದ ಆಯುಧ.

"ತೊಳೆಯುವುದು ಎಂತದರಲ್ಲಿ?" ಎಂದು ಅಕ್ಕ ಕೇಳಿದಳು. ಅಕ್ರೋಟಿನ ಸಿಪ್ಪೆಯ ಪುಡಿ, ಇಲ್ಲವೇ ಜೋಳದ ದಿಂಡಿನ ಪುಡಿಯ ಜೊತೆ ಯಂತ್ರದಲ್ಲಿ ಹಾಕಿ ಗಂಟೆಗಟ್ಟಲೆ ಕುಲುಕಿಸುತ್ತಾರಂತೆ. "ಎರಡು ಬಿಂಬುಳಿ ಹಾಕಿ ತಿಕ್ಕಿದರೆ ಐದು ನಿಮಿಷದ ಕೆಲಸ," ಎಂದಳು ಇವಳು. ಹುಡುಗ ನಗಲಿಲ್ಲ. ಅಲ್ಲಿಯೂ ಕೆಲವರು ನಿಂಬೆಹುಳಿಯ ಉಪ್ಪಿನ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ, ಸಿದ್ಧಾಂತ ಒಂದೇ ಎಂದ. ಅಮೆರಿಕದವರ ಬಗ್ಗೆ ಅಕ್ಕನಿಗೆ ಅಂದಿನಿಂದ ಗೌರವ ಹುಟ್ಟಿದೆ.

ಅವನು ಹೇಳಿದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಕೇಪು ಕೂರಿಸುವುದರಲ್ಲಿ ಎರಡು ಪದ್ಧತಿ ಇವೆ. ಒಂದನ್ನು ರೂಪಿಸಿದವನು ಹೈರಮ್ ಬರ್ಡನ್ ಎಂಬ ಅಮೆರಿಕದವನು, ಇನ್ನೊಂದನ್ನು ಎಡ್ವರ್ಡ್ ಬಾಕ್ಸರ್ ಎಂಬ ಇಂಗ್ಲಿಷ್ ಸೇನಾಧಿಕಾರಿ. ಇಬ್ಬರದೂ 1860ರ ದಶಕದ ಕೆಲಸ. ಕಾಲ ಕಳೆದಂತೆ ಅಮೆರಿಕದವನ ಪದ್ಧತಿ ಯುರೋಪಿಗೆ ಹೋಗಿ ನೆಲಸಿತು, ಇಂಗ್ಲಿಷಿನವನದು ಅಮೆರಿಕಕ್ಕೆ ಹೋಗಿ ಮನೆ ಮಾಡಿತು. ಬಾಕ್ಸರ್ ತೋಟೆಯ ಬುಡದಲ್ಲಿ ನಡುವೆ ಒಂದೇ ತೂತು, ಒಂದು ಸೂಜಿ ಇಳಿಸಿದರೆ ಹಳೆ ಕೇಪು ಉದುರುತ್ತದೆ. ಬರ್ಡನ್ ತೋಟೆಯಲ್ಲಿ ತೂತುಗಳು ಬದಿಗೆ ಇರುತ್ತವೆ, ಸೂಜಿ ನಡುವಿನ ಉಬ್ಬಿಗೆ ತಾಗಿ ಮುರಿಯುತ್ತದೆ. ಅಮೆರಿಕದಲ್ಲಿ ಗ್ಯಾರೇಜಿಗೊಬ್ಬ ತೋಟೆ ತುಂಬುವವನು ಹುಟ್ಟಿಕೊಂಡದ್ದಕ್ಕೆ ಆ ಇಂಗ್ಲಿಷಿನವನ ಒಂದು ತೂತು ದೊಡ್ಡ ಕಾರಣ.

ನಮ್ಮ ಜಿಲ್ಲೆಯಲ್ಲಿ ರಿವಾಲ್ವರು ಅಪರೂಪ. .38 ಬೋರು ಪೊಲೀಸರಿಗೆ, ಸೈನ್ಯಕ್ಕೆ ಮೀಸಲು, ನಾಗರಿಕರಿಗೆ ಹೆಚ್ಚಾಗಿ ಸಿಗುವುದು .32. ಅದರ ತೋಟೆ 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ಈಗಲೂ ಅದೇ ಅಳತೆಯಲ್ಲಿ ನಡೆದುಬಂದಿದೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರ ರಕ್ಷಣೆಗೆಂದು 'ನಿರ್ಭೀಕ್' ಎಂಬ ಅರ್ಧ ಕಿಲೊ ತೂಕದ ರಿವಾಲ್ವರನ್ನು ಹೊರತಂದಾಗ ಅದರ ಬೆಲೆ 1.22 ಲಕ್ಷ ರೂಪಾಯಿ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಅಷ್ಟು ಹಣಕ್ಕೆ ಚಿನ್ನ ಕೊಂಡರೆ ಆಪತ್ತಿಗೆ ಆಗುತ್ತದೆ ಎಂದು ನಮ್ಮ ಕಡೆಯ ಹೆಂಗಸರು ಲೆಕ್ಕ ಹಾಕಿದರು. ನಾನು ಹತ್ತಿರದಿಂದ ಕಂಡ ರಿವಾಲ್ವರು ಒಂದೇ, ಕಾರ್ಕಳದ ಕಡೆಯ ಒಬ್ಬ ಗೇರುಬೀಜದ ಸಾಹುಕಾರರದ್ದು. ಆಯುಧ ಪೂಜೆಯ ದಿನ ಅದು ಕಾರಿನ ಬಾನೆಟ್ಟಿನ ಮೇಲೆ, ತಕ್ಕಡಿ ಮತ್ತು ಟೈಪ್‌ರೈಟರಿನ ನಡುವೆ ಕೂತು, ಗಂಧ ಕುಂಕುಮ ಹಿಂಗಾರ ಎಲ್ಲವನ್ನೂ ಸ್ವೀಕರಿಸುತ್ತಿತ್ತು. ಜೊತೆಗೆ ಆರು ತೋಟೆಗೂ ಪೂಜೆ. ವರ್ಷ ವರ್ಷ ಗಂಧದ ನೀರು ಕುಡಿದ ಹಿತ್ತಾಳೆ ಕಿಲುಬುಗಟ್ಟಿ ಹಸುರಾಗಿತ್ತು. ಹೊಡೆದಿದ್ದರೆ ಏನಾಗುತ್ತಿತ್ತೋ! ಪುಣ್ಯಕ್ಕೆ ಸಾಹುಕಾರರ ಪಾಲಿಗೆ ಖಾಲಿ ತೋಟೆ ಎಂಬ ವಸ್ತುವೇ ಹುಟ್ಟಲಿಲ್ಲ.

ಖಾಲಿ ತೋಟೆ ಹುಟ್ಟುತ್ತಿದ್ದದ್ದು ಮಾಳದ ನಮ್ಮ ಮಾವನ ಮನೆಯಲ್ಲಿ. ಮಾಳ ಎಂದರೆ ಕಾರ್ಕಳ ತಾಲೂಕಿನ ಅಂಚು; ಅಲ್ಲಿಂದ ಮುಂದೆ ಘಟ್ಟ, ಕುದುರೆಮುಖದ ಕಾಡು. ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯ 12 ಬೋರಿನ ಕೋವಿ, ಅಜ್ಜನಿಂದ ಬಂದದ್ದು. ಅಜ್ಜನ ಕಾಲಕ್ಕೆ ತೋಟೆಯ ಮೈ ಪೂರ್ತಿ ಹಿತ್ತಾಳೆಯದೇ ಇರುತ್ತಿತ್ತು. ಮಳೆಗಾಲದ ಮುಂಚೆ ಜಗಲಿಯಲ್ಲಿ ಕೂತು ಅದನ್ನು ತುಂಬುವುದು ಹಪ್ಪಳ ಸೆಂಡಿಗೆಯ ಸಾಲಿನ ಇನ್ನೊಂದು ಕೆಲಸವಾಗಿತ್ತು. ಹಳೆ ಕೇಪು ತಳ್ಳಲು ಒಂದು ಕಬ್ಬಿಣದ ಕಡ್ಡಿ, ಮರದ ಹಿಡಿಯೊಂದು, ಮದ್ದು, ಚರೆ. ಮದ್ದು ಮತ್ತು ಚರೆಯ ನಡುವೆ ರಟ್ಟಿನ ಬಿಲ್ಲೆ ಬೇಕು. ಅಜ್ಜ ಅದಕ್ಕೆ ಆರಿಸಿಕೊಂಡದ್ದು ಮದುವೆಯ ಕರೆಯೋಲೆ. ಸಾಧಾರಣ ಕರೆಯೋಲೆ ತೆಳು, ನಡೆಯುವುದಿಲ್ಲ. ಗುತ್ತಿನ ಮನೆಯವರ ದಪ್ಪ ಕಾಗದದ ಕರೆಯೋಲೆಯೇ ಆಗಬೇಕು. ದೊಡ್ಡ ಮನೆಯಲ್ಲೊಂದು ಮದುವೆ ನಿಶ್ಚಯವಾದರೆ ಅಜ್ಜನಿಗೆ ಊಟಕ್ಕಿಂತ ಈ ಸಂತೋಷ ಹೆಚ್ಚು. ಗದ್ದೆಗೆ ನುಗ್ಗಿದ ಹಂದಿಯ ಬೆನ್ನ ಮೇಲೆ 'ಆಗಮನಾಭಿಲಾಷಿಗಳು' ಎಂಬ ತುಂಡು ಹಾರಿ ಬೀಳುತ್ತಿದ್ದ ಕಾಲ ಅದು. ತೋಟೆಯ ಬಾಯಿ ಮುಚ್ಚಲು ಮೇಣ ಬೇಕು. ಅದು ಅತ್ತೂರಿನ ಸಂತ ಲಾರೆನ್ಸರ ಹಬ್ಬದಿಂದ ಬರುತ್ತಿತ್ತು. ಜನವರಿಯ ಆ ಜಾತ್ರೆಗೆ ಎಲ್ಲ ಜಾತಿಯವರೂ ಹೋಗಿ ಮೇಣದ ಬತ್ತಿ ಹಚ್ಚುತ್ತಾರೆ. ಅಜ್ಜ ಎರಡು ಕೊಂಡು ಒಂದನ್ನು ಹಚ್ಚುತ್ತಿದ್ದರು, ಒಂದನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಕೇಳಿದರೆ, ಸಂತರಿಗೆ ಹಂದಿಯ ಉಪದ್ರ ಗೊತ್ತುಂಟು ಎನ್ನುತ್ತಿದ್ದರಂತೆ.

ಬೋರಿನ ಲೆಕ್ಕವೂ ವಿಚಿತ್ರ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗಿದರೆ 12 ಬೋರು, ಹದಿನಾರು ತೂಗಿದರೆ 16 ಬೋರು. ಅಂದರೆ ಸಂಖ್ಯೆ ದೊಡ್ಡದಾದಷ್ಟು ತೂತು ಸಣ್ಣದು. ನೆರೆಮನೆಯವರದು 16 ಬೋರು. ಅವರ ಖಾಲಿ ತೋಟೆ ನಮ್ಮ ಖಾಲಿ ತೋಟೆಯ ಒಳಗೆ ಬಾಯಿಗೆ ಬಾಯಿ ಸೇರಿ ಜಾರಿ ಕೂರುತ್ತಿತ್ತು, ಅದೇ ಮುಚ್ಚಳ. ಅದರೊಳಗೆ ಬೆಂಕಿಕಡ್ಡಿ ಹಾಕಿಟ್ಟರೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಾಗದಲ್ಲೂ ಆಷಾಢದ ಬೆಳಿಗ್ಗೆ ಒಲೆ ಹೊತ್ತುತ್ತಿತ್ತು. ಅಮೆರಿಕದ ಬೇಟೆಗಾರರೂ ಇದೇ ಎರಡು ಅಳತೆಯ ತೋಟೆಗಳಿಂದ ಇಂಥ ಡಬ್ಬಿ ಮಾಡಿಕೊಳ್ಳುತ್ತಿದ್ದರೆಂದು ಅಳಿಯ ಹೇಳಿದಾಗ ನಾನು ಬೆರಗಾದೆ. ಇನ್ನೊಂದು ತೋಟೆಯ ಬುಡ ಅಜ್ಜನ ಊರುಗೋಲಿಗೆ ಅಣಸಾಗಿತ್ತು. ಅಜ್ಜ ಬರುವುದು ಹೊರಗಿನ ಚಪ್ಪಡಿಯ ಮೇಲಿನ ಟಕ್ ಟಕ್ ಸದ್ದಿನಿಂದಲೇ ಮಕ್ಕಳಿಗೆ ತಿಳಿಯುತ್ತಿತ್ತು, ಪುಸ್ತಕ ತೆರೆಯಲು ಸಮಯ ಸಿಗುತ್ತಿತ್ತು. ಅತ್ತೆ ಒಂದರಲ್ಲಿ ಸೂಜಿ ಇಟ್ಟಿದ್ದರು. ಮಕ್ಕಳು ಇನ್ನೊಂದರ ಬಾಯಿಗೆ ತುಟಿ ಇಟ್ಟು ಸೀಟಿ ಊದುತ್ತಿದ್ದರು. ಪುಣೆ ಬಳಿಯ ಖಡಕಿ ಕಾರ್ಖಾನೆಯ 'ಶಕ್ತಿಮಾನ್' ತೋಟೆ ಬಂದ ಮೇಲೆ ಹಿತ್ತಾಳೆ ಬುಡಕ್ಕಷ್ಟೇ ಉಳಿಯಿತು. ಮಕ್ಕಳ ಸೀಟಿಯೂ ಅಲ್ಲಿಗೆ ನಿಂತಿತು.

ಮಾವನ ಕಾಲಕ್ಕೆ ತುಂಬುವ ಕೆಲಸವೂ ನಿಂತಿತ್ತು. ಪರವಾನಗಿ ಇಲ್ಲದೆ ತೋಟೆ ತಯಾರಿಸುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಲ್ಲಿ ತಡೆ ಇದೆ. ಕೋವಿಗೆ ಲೈಸೆನ್ಸ್ ಇದ್ದಮಾತ್ರಕ್ಕೆ ತೋಟೆ ಮಾಡಿಕೊಳ್ಳುವ ಹಕ್ಕು ಬರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿದು, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಘಟ್ಟದ ಆಚೆ ಕೊಡಗಿನವರದೇ ಬೇರೆ ಭಾಗ್ಯ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ, 2029ರವರೆಗೆ ವಿಸ್ತರಣೆಯೂ ಆಗಿದೆ. ಕೈಲ್‌ಪೊಳ್ದಿನ ದಿನ ಅವರು ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಹೊಡೆಯುತ್ತಾರೆ. ನಮ್ಮ ಮಾವನಿಗೆ ಅದನ್ನು ಕೇಳಿ ಹೊಟ್ಟೆಕಿಚ್ಚಾದದ್ದು ಕೋವಿಯ ವಿಷಯಕ್ಕಲ್ಲ. "ಒಳ್ಳೆ ಕಾಯಿ ಮಾರಾಯ, ಸುಮ್ಮನೆ ಒಡೆದು ಹಾಕುತ್ತಾರೆ," ಎಂದರು.

ಮಾವನ ನಿಜವಾದ ಕಷ್ಟ ಚುನಾವಣೆ. ನೀತಿ ಸಂಹಿತೆ ಜಾರಿಯಾದ ಕೂಡಲೇ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಲೋಕಸಭೆ, ವಿಧಾನಸಭೆ, ಜಿಲ್ಲಾ ಪಂಚಾಯತು, ಗ್ರಾಮ ಪಂಚಾಯತು, ನಡುವೆ ಯಾರಾದರೂ ರಾಜೀನಾಮೆ ಕೊಟ್ಟರೆ ಉಪಚುನಾವಣೆ. ಮಾವ ರಾಜಕೀಯವನ್ನು ಹಿಂಬಾಲಿಸುತ್ತಿದ್ದದ್ದು ಪಕ್ಷದ ಅಭಿಮಾನದಿಂದಲ್ಲ. ಯಾವ ಶಾಸಕರ ಆರೋಗ್ಯ ಹೇಗಿದೆ ಎಂದು ಅವರಿಗೆ ತಿಳಿದಿರಬೇಕಿತ್ತು. ಕೋವಿಯನ್ನು ಹಳೆ ಪಂಚೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುವುದು, ರಸೀದಿ ಬರೆಸಿಕೊಳ್ಳುವುದು, ಫಲಿತಾಂಶದ ಮರುದಿನ ತರಲು ಹೋಗುವುದು. ಒಮ್ಮೆ ಮರಳಿ ಬಂದ ಕೋವಿಯ ನಳಿಗೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಮೂರು ಕೋಣೆಯ ಚೊಕ್ಕ ಗೂಡು. "ನನಗೆ ಮನೆ ಕಟ್ಟಲು ಪಂಚಾಯತಿನವರು ಲೈಸೆನ್ಸು ಕೊಡಲು ಎಷ್ಟು ಸತಾಯಿಸಿದರು, ಇದು ನೋಡು," ಎಂದು ಮಾವ ಹೊಗಳಿದರು.

2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ನಕ್ಸಲ್ ತಂಡದ ಇಬ್ಬರು ಯುವತಿಯರು ಸತ್ತರು. ಮುಂದೆ ನಕ್ಸಲ್ ನಿಗ್ರಹ ಪಡೆಯ ಕೇಂದ್ರವೇ ಕಾರ್ಕಳಕ್ಕೆ ಬಂತು. ಘಟ್ಟದ ಬುಡದ ಮನೆಗಳಲ್ಲಿ ಅಲ್ಲಿಂದೀಚೆಗೆ ಖಾಲಿ ತೋಟೆ ಆಟದ ಸಾಮಾನಾಗಿ ಉಳಿಯಲಿಲ್ಲ. ಅಣಸಿನ ಊರುಗೋಲು ಅಟ್ಟ ಸೇರಿತು. ಸೀಟಿಯ ತೋಟೆಗಳು ಎಲ್ಲಿಗೆ ಹೋದವೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅತ್ತೆ ಮಾತ್ರ ಸೂಜಿಯ ಡಬ್ಬಿ ಬಿಡಲಿಲ್ಲ. ಅರಿತು ಇಟ್ಟುಕೊಂಡದ್ದೇ ಕಾನೂನಿನ ದೃಷ್ಟಿಯಲ್ಲಿ ವಶ ಎಂದು ಸುಪ್ರೀಂ ಕೋರ್ಟು 1972ರ ಗುಣವಂತಲಾಲ್ ಪ್ರಕರಣದಲ್ಲಿ ವಿವರಿಸಿದೆ ಎಂದು ಕಾಪುವಿನ ವಕೀಲ ನೆಂಟರೊಬ್ಬರು ಹೇಳಿದ್ದರು. "ಹಾಗಾದರೆ ತೊಂದರೆ ಇಲ್ಲ, ನನಗೆ ಅರಿವಿರುವುದು ಸೂಜಿಯದ್ದು ಮಾತ್ರ," ಎಂದರು ಅತ್ತೆ. ವಕೀಲರು ಸುಮ್ಮನಾದರು.

ಗುಜರಿಯವನೂ ಖಾಲಿ ತೋಟೆಯನ್ನು ಮುಟ್ಟುವುದಿಲ್ಲ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋದವರಿಗೆ ಗೊತ್ತು, ಜನ ಬೇಡವೆಂದು ಕೆಡವಿದ ಮನೆಗಳನ್ನೂ ಗುಜರಿಗೆ ಹಾಕಿದ ಸಾಮಾನುಗಳನ್ನೂ ವಿಜಯನಾಥ ಶೆಣೈಯವರು ಎಂಥ ಹುಚ್ಚಿನಿಂದ ಕೂಡಿಸಿದರೆಂದು. ಅವರ ಪ್ರತಿಸ್ಪರ್ಧಿಗಳೆಂದರೆ ನಮ್ಮ ಗುಜರಿಯವರೇ. ಹಿತ್ತಾಳೆ ಎಂದರೆ ಬಾವಿಗೆ ಬಿದ್ದದ್ದನ್ನೂ ಇಳಿದು ತರುವ ಜನ. ಒಮ್ಮೆ ಹಳೆ ಸಾಮಾನಿನ ರಾಶಿಯಲ್ಲಿ ನಾಲ್ಕೈದು ತೋಟೆಯ ಬುಡ ಸೇರಿಹೋಗಿತ್ತು. ತೂಗುತ್ತಿದ್ದವನು ತಕ್ಕಡಿಯಿಂದ ಅವನ್ನು ಆರಿಸಿ, ಎಂಜಲು ಮುಟ್ಟಿದವನ ಹಾಗೆ ಎರಡು ಬೆರಳಲ್ಲಿ ಹಿಡಿದು ಜಗಲಿಯ ಮೇಲಿಟ್ಟ. "ಸ್ವಾಮಿ, ಇದರ ಹತ್ತು ರೂಪಾಯಿಗೆ ನಾನು ಹತ್ತು ಸಲ ಉತ್ತರ ಹೇಳಬೇಕು."

ಹಿತ್ತಾಳೆಗೂ ಮಳೆಗಾಲಕ್ಕೂ ಹಳೆಯ ವೈರ. ಇಲ್ಲಿ ನಮ್ಮ ದೇಶದ್ದೇ ಒಂದು ಕತೆ ಉಂಟು, ಜಗತ್ತಿನ ಲೋಹಶಾಸ್ತ್ರದ ಪುಸ್ತಕಗಳಲ್ಲೆಲ್ಲ ಸೇರಿಕೊಂಡದ್ದು. ಬ್ರಿಟಿಷರ ಸೈನ್ಯ ಮಳೆಗಾಲದಲ್ಲಿ ಓಡಾಟ ಕಡಿಮೆ ಮಾಡಿ, ತೋಟೆಗಳನ್ನು ಕುದುರೆ ಲಾಯದಲ್ಲಿ ಇಟ್ಟುಬಿಡುತ್ತಿತ್ತು. ಮಳೆ ಮುಗಿದು ಪೆಟ್ಟಿಗೆ ತೆರೆದರೆ, ಯಾರೂ ಮುಟ್ಟದ ತೋಟೆಗಳು ಕುತ್ತಿಗೆಯಲ್ಲಿ ಬಿರುಕು ಬಿಟ್ಟಿರುತ್ತಿದ್ದವು, ಅದೂ ಗುಂಡನ್ನು ಬಿಗಿಯಾಗಿ ಅಮುಕಿದ್ದ ಜಾಗದಲ್ಲೇ. ಹವೆ, ನೀರು, ಕಾರ್ಖಾನೆ, ಗುಮಾಸ್ತ ಎಲ್ಲರ ಮೇಲೂ ಸಂಶಯ ಹೋಯಿತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಉತ್ತರ ಕೊಟ್ಟರು: ಕುದುರೆಯ ಮೂತ್ರ! ಅದರಿಂದ ಏಳುವ ಅಮೋನಿಯಾ ಗಾಳಿ ಒಂದು ಕಡೆ, ತಣ್ಣಗಿರುವಾಗಲೇ ಎಳೆದು ಒತ್ತಿ ರೂಪಿಸಿದ ಹಿತ್ತಾಳೆಯೊಳಗೆ ಉಳಿದುಬಿಟ್ಟಿದ್ದ ಬಿಗಿತ ಇನ್ನೊಂದು ಕಡೆ. ಎರಡೂ ಸೇರಿದರೆ ಯಾರೂ ಹೊಡೆಯದೆ ಲೋಹ ಸೀಳುತ್ತದೆ. ಕೊನೆಗೊಮ್ಮೆ ಹದವಾಗಿ ಕಾಸಿ ಬಿಗಿತ ಇಳಿಸಿದರೆ ಬಿರುಕು ಬರುವುದಿಲ್ಲ ಎಂಬುದೇ ಪರಿಹಾರವಾಯಿತು. ಸಾಮ್ರಾಜ್ಯವೊಂದರ ಮದ್ದುಗುಂಡನ್ನು ಕೆಡಿಸಿದ ಕೀರ್ತಿ ಹೀಗೆ ಅದರದೇ ಕುದುರೆಗಳಿಗೆ ಸಂದಿತು; ನಮ್ಮ ಇತಿಹಾಸದ ಪಠ್ಯದಲ್ಲಿ ಇದಕ್ಕೆ ಒಂದು ಸಾಲು ಇರಬೇಕಿತ್ತು. ಈ ಕತೆ ಹೇಳಿದ ಮೇಲೆ ಮಾವ ತಮ್ಮ ತೋಟೆಯ ಪೆಟ್ಟಿಗೆಯನ್ನು ಹಟ್ಟಿಯ ಮೇಲಿನ ಅಟ್ಟದಿಂದ ಇಳಿಸಿ ಅಕ್ಕಿಮುಡಿಯ ಪಕ್ಕ ಇಟ್ಟರು. ದನವನ್ನು ಮಾತ್ರ ಒಮ್ಮೆ ಗುರಾಯಿಸಿ ನೋಡಿದರು.

ಇಷ್ಟೆಲ್ಲ ಇದ್ದರೂ ಖಾಲಿ ತೋಟೆಯ ನಿಜವಾದ ಬೆಲೆ ತಿಳಿಯಬೇಕಾದರೆ ಎನ್‌ಸಿಸಿಗೆ ಸೇರಬೇಕು. ನಮ್ಮ ಕಾಲೇಜು ದಿನಗಳಲ್ಲಿ ಕ್ಯಾಂಪಿನ ಕೊನೆಗೆ .22 ರೈಫಲಿನಿಂದ ಹೊಡೆಯಲು ಒಬ್ಬೊಬ್ಬನಿಗೆ ಐದು ತೋಟೆ ಕೊಡುತ್ತಿದ್ದರು. ಗುರಿಗೆ ಎಷ್ಟು ತಾಗಿತು ಎಂಬುದನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಐದು ಕೊಟ್ಟದ್ದಕ್ಕೆ ಐದು ಖಾಲಿ ಮರಳಿ ಬಂತೇ ಎಂಬುದೇ ಪ್ರಶ್ನೆ. ತಮಾಷೆಯೆಂದರೆ .22ರ ತೋಟೆಯನ್ನು ಮತ್ತೆ ತುಂಬಲು ಆಗುವುದೇ ಇಲ್ಲ. ಅದರ ಸಿಡಿಮದ್ದು ಅಂಚಿನ ಮಡಿಕೆಯೊಳಗೇ ಇರುತ್ತದೆ, ಬದಲಿಸಲು ಬೇರೆ ಕೇಪಿಲ್ಲ. ಯಾರ ಉಪಯೋಗಕ್ಕೂ ಬಾರದ, ಕಿರುಬೆರಳ ಉಗುರಿನಷ್ಟು ಅಗಲವೂ ಇಲ್ಲದ ಆ ಕೊಳವೆಗಾಗಿ ಒಂದು ಸಂಜೆ ಇಡೀ ತಂಡ ನೆಲ ಬಗೆಯಿತು. ಒಂದು ಕಡಿಮೆ. ಉತ್ತರದ ಕಡೆಯ ಹವಾಲ್ದಾರರು, "ಖೋಖಾ ಕಿಧರ್ ಗಯಾ?" ಎಂದು ಒಬ್ಬೊಬ್ಬನ ಮುಖಕ್ಕೂ ಕೇಳಿದರು. ಹುಲ್ಲು ಕಿತ್ತೆವು, ಮರಳಿನ ಚೀಲ ಅಲುಗಿಸಿದೆವು, ಬೂಟು ಬಿಚ್ಚಿ ಕೊಡವಿದೆವು. ಕತ್ತಲಾದ ಮೇಲೆ ಕಾಪುವಿನ ಕಡೆಯ ಹುಡುಗನೊಬ್ಬ ಕಿಸೆಯಿಂದ ತೆಗೆದುಕೊಟ್ಟ. ಅಜ್ಜಿಗೆ ತೋರಿಸಬೇಕೆಂದಿದ್ದನಂತೆ, ಮೊಮ್ಮಗ ಕೋವಿ ಹೊಡೆದದ್ದನ್ನು ಅವರು ಬೇರೆ ಹೇಗೆ ನಂಬುವುದು? ಹವಾಲ್ದಾರರು ಅವನನ್ನು ಮೈದಾನದ ಸುತ್ತ ಓಡಿಸಿದರು. ಅವನು ಓಡುತ್ತಿರುವಾಗ ತಾವೇ ಲೆಕ್ಕದ ಪುಸ್ತಕದಲ್ಲಿ ಖಾಲಿಯ ಸಂಖ್ಯೆ ಬರೆದು, ಎರಡು ಸಲ ಕೂಡಿ, ಅಡಿಗೆರೆ ಎಳೆದು, ಆಮೇಲಷ್ಟೇ ಚಹಾ ಕುಡಿದರು.

ಭಾವನ ಸರ್ವಿಸೂ ಹೀಗೆಯೇ ಸವೆದದ್ದು. ಪ್ರತಿ ವರ್ಷದ ಗುಂಡಿನ ಅಭ್ಯಾಸ, ಪ್ರತಿ ಖಾಲಿಗೂ ಲೆಕ್ಕ, ಶಸ್ತ್ರಾಗಾರದ ಪುಸ್ತಕದಲ್ಲಿ ಸಹಿ. ಕಳೆದ ವರ್ಷ ಅವರನ್ನು ಮಗ ಟೆಕ್ಸಾಸಿಗೆ ಕರೆಸಿಕೊಂಡ, ತನ್ನ ಮೈದಾನಕ್ಕೂ ಕರೆದೊಯ್ದ. ಕಾಲಿಟ್ಟ ಕಡೆಯೆಲ್ಲ ಖಾಲಿ ತೋಟೆ. ಜನ ಅದರ ಮೇಲೆ ನಡೆದಾಡುತ್ತಿದ್ದಾರೆ, ಒಬ್ಬ ಪೊರಕೆಯಿಂದ ಗುಡಿಸಿ ಡ್ರಮ್ಮಿಗೆ ಸುರಿಯುತ್ತಿದ್ದಾನೆ. ಭಾವ ಸ್ವಲ್ಪ ಹೊತ್ತು ತಡೆದುಕೊಂಡರಂತೆ. ಆಮೇಲೆ ಬಾಗಿ ಹೆಕ್ಕಲು ಶುರು ಮಾಡಿದರು. ಮೇಜಿನ ಮೇಲೆ ಹತ್ತು ಹತ್ತರ ಸಾಲು. ಇವರೂ ತುಂಬುವ ಹವ್ಯಾಸದವರೆಂದು ತಿಳಿದ ಅಕ್ಕಪಕ್ಕದವರು ತಮ್ಮವನ್ನೂ ತಂದು ಕೊಟ್ಟು, ಯಾವ ಮದ್ದು ಬಳಸುತ್ತೀರಿ ಎಂದು ವಿಚಾರಿಸಿದರು. ಸಂಜೆ ಹೊರಡುವಾಗ ಭಾವ ಮಗನನ್ನು ಬದಿಗೆ ಕರೆದು, ಇದಕ್ಕೆ ಸಹಿ ಹಾಕುವವರು ಯಾರು ಎಂದು ಕೇಳಿದರಂತೆ.

ಈ ಜನವರಿಯಲ್ಲಿ ಹುಡುಗ ರಜೆಗೆ ಬಂದಿದ್ದ. ನಮ್ಮೂರ ದೇವಸ್ಥಾನದ ಉತ್ಸವ ಅದೇ ಹೊತ್ತಿಗೆ. ಕುಂಬಳೆಯ ಬೆಡಿ, ಪುತ್ತೂರಿನ ಬೆಡಿಯ ಹೆಸರು ನಮ್ಮೂರಿನದಕ್ಕಿಲ್ಲ, ಆದರೆ ಕದಿನ ಉಂಟು. ಗದ್ದೆಯ ಹುಣಿಯ ಮೇಲೆ ಗಿಡ್ಡ ಕಬ್ಬಿಣದ ಕೊಳವೆಗಳ ಸಾಲು; ಒಂದು ಬಾಯಿ ಮುಚ್ಚಿದ್ದು, ಬುಡದ ಹತ್ತಿರ ಸಣ್ಣ ಕಿವಿ. ಮುದುಕರೊಬ್ಬರು ಗೆರಟೆಯಲ್ಲಿ ಮದ್ದು ಅಳೆದು ಸುರಿದು, ಇಟ್ಟಿಗೆಯ ಪುಡಿ ಹಾಕಿ, ಒನಕೆಯಂಥದ್ದರಲ್ಲಿ ಜಡಿಯುತ್ತಿದ್ದರು. ಸಿಡಿದದ್ದನ್ನು ತಣಿಯಲು ಬಿಟ್ಟು, ಒಳಗೆ ಹಸಿ ಬಟ್ಟೆ ತಿರುಗಿಸಿ ಒರೆಸಿ, ಮತ್ತೆ ಅದನ್ನೇ ತುಂಬುವುದು. ನಮ್ಮ ಹುಡುಗ ಅವರ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಒಂದು ಗಂಟೆ ಏಳಲಿಲ್ಲ. ಕಬ್ಬಿಣದ ದಪ್ಪ, ಮದ್ದಿನ ಅಳತೆ, ಜಡಿಯುವ ಬಿಗಿ ಎಲ್ಲ ಕೇಳಿದ. ಕೊನೆಗೆ, "ಅಜ್ಜ, ಇದನ್ನು ಎಷ್ಟು ಸಲ ತುಂಬಬಹುದು?"

"ಎಷ್ಟು ಸಲ ಅಂದರೆ? ಇದು ನನ್ನ ಅಜ್ಜನ ಕೈಯಿಂದ ಬಂದದ್ದು. ನಿನ್ನದು ಎಂತದೋ ಉಂಟಂತಲ್ಲ ಅಮೆರಿಕದಲ್ಲಿ, ಅದು ಎಷ್ಟು ಸಲ?"

"ಹತ್ತು ಹದಿನೈದು ಸಲ. ಆಮೇಲೆ ಬಾಯಿ ಸೀಳುತ್ತದೆ."

ಮುದುಕರು ಅವನನ್ನು ಮರುಕದಿಂದ ನೋಡಿದರು. "ಎಂತ ಮಾಡುವುದು, ಪರದೇಶ," ಎಂದು ಹೇಳಿ ಬೆಂಕಿಯ ಗಳು ಕೈಗೆತ್ತಿಕೊಂಡರು. "ಈಗ ಸ್ವಲ್ಪ ಆಚೆ ನಿಲ್ಲು ಮಗಾ, ಬಲಿ ಹೊರಟಿತು."